ಅಂಗಾಲಿನ ಕಾಡಿಗೆ ಬೊಟ್ಟು ಮತ್ತು ಆಕ್ಸಿಮೀಟರಿನ ಅಂಕಿ: ಮಕ್ಕಳ ವಾರ್ಡಿಗೆ ಹೊಸದಾಗಿ ಬಂದ ಶುಶ್ರೂಷಕರಿಗೆ

ಚಳಿಗಾಲದ ಒಂದು ರಾತ್ರಿ, ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಏಳು ತಿಂಗಳ ಕೂಸೊಂದನ್ನು ಕರೆತಂದಿದ್ದರು. ಎರಡು ದಿನದಿಂದ ಕೆಮ್ಮು, ಸ್ವಲ್ಪ ಜ್ವರ. ರಕ್ತದಲ್ಲಿನ ಆಮ್ಲಜನಕವನ್ನು ಬೆಳಕಿನಿಂದ ಅಳೆಯುವ ಪಲ್ಸ್ ಆಕ್ಸಿಮೀಟರಿನ ಪ್ರೋಬನ್ನು ಕಾಲಿಗೆ ಕಟ್ಟಿದ ಕೂಡಲೇ ಮಾನಿಟರ್ ಶೇ. 83 ಎಂದು ತೋರಿಸಿ ಕೂಗತೊಡಗಿತು. ಕೆಲಸಕ್ಕೆ ಸೇರಿ ತಿಂಗಳೂ ಆಗಿರದ ನಮ್ಮ ಶುಶ್ರೂಷಾಧಿಕಾರಿ ಆಮ್ಲಜನಕದ ಪ್ರಾಂಗ್ಸ್ (ಮೂಗಿಗೆ ಇಡುವ ನಳಿಕೆ) ಹಿಡಿದು ಓಡಿ ಬಂದರು, ಅಜ್ಜಿ ಅಳಲು ಶುರುಮಾಡಿದರು. ಕೂಸು ಮಾತ್ರ ಅಜ್ಜಿಯ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತ, ಇನ್ನೊಂದು ಕಾಲಿನಿಂದ ಪ್ರೋಬಿನ ತಂತಿಯನ್ನು ಒದೆಯುತ್ತಿತ್ತು. ತುಟಿ ಗುಲಾಬಿ ಬಣ್ಣದಲ್ಲಿತ್ತು, ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿರಲಿಲ್ಲ. ಪ್ರೋಬ್ ಬಿಚ್ಚಿ ನೋಡಿದರೆ ಪಾದ ತಣ್ಣಗಿತ್ತು. ಅಂಗಾಲಿನಲ್ಲಿ, ಸರಿಯಾಗಿ ಬೆಳಕು ಹಾಯಬೇಕಾದ ಜಾಗದಲ್ಲಿ, ಎಂಟಾಣೆಯಷ್ಟು ಅಗಲದ ಕಾಡಿಗೆ ಬೊಟ್ಟು ಇತ್ತು. ದೃಷ್ಟಿಯಾಗದಿರಲೆಂದು ಇಟ್ಟ ಬೊಟ್ಟು. ಪಾದವನ್ನು ಒರೆಸಿ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಕೂಸು ಅಜ್ಜಿಯ ಮಡಿಲಲ್ಲಿ ಸುಮ್ಮನಾದ ಮೇಲೆ ಮತ್ತೆ ಕಟ್ಟಿದೆವು. ಅರ್ಧ ನಿಮಿಷದ ನಂತರ 96 ಬಂತು, ಅಲ್ಲಿಯೇ ನಿಂತಿತು.

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಮಕ್ಕಳ ವಾರ್ಡಿಗೆ ಹೊಸದಾಗಿ ಬರುವ ಶುಶ್ರೂಷಾಧಿಕಾರಿಗಳಿಗೆ ಮತ್ತು ಪೋಸ್ಟಿಂಗಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ, ಇಂಥ ರಾತ್ರಿಯಲ್ಲಿ ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ. ಯಂತ್ರವನ್ನು ಸರಿಯಾಗಿ ಬಳಸುವುದು ಅದರ ಅರ್ಧ ಭಾಗ. ಯಂತ್ರ ಕೊಟ್ಟ ಅಂಕಿಯನ್ನು ಹಿಡಿದು ನಾವು ಮಾಡುವ ಕೆಲಸಕ್ಕೆ ಪುರಾವೆ ಇದೆಯೇ ಎಂದು ಕೇಳಿಕೊಳ್ಳುವುದು ಇನ್ನರ್ಧ. ಕಾಲೇಜಿನಲ್ಲಿ ಮೊದಲನೆಯದನ್ನು ಒಂದು ಪಾಠದಲ್ಲಿಯೂ ಎರಡನೆಯದನ್ನು ಇನ್ನೊಂದು ಪಾಠದಲ್ಲಿಯೂ ಬೇರೆ ಬೇರೆಯಾಗಿ ಕಲಿಸುತ್ತಾರೆ. ವಾರ್ಡಿನಲ್ಲಿ ಅವೆರಡೂ ಒಂದೇ ಮಂಚದ ಪಕ್ಕದಲ್ಲಿ ಒಟ್ಟಿಗೆ ಎದುರಾಗುತ್ತವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ನೀಲಿಗಟ್ಟಿದ್ದರೆ, ನರಳುತ್ತ ಉಸಿರಾಡುತ್ತಿದ್ದರೆ, ಪ್ರಜ್ಞೆ ಮಸುಕಾಗಿದ್ದರೆ, ಫಿಟ್ಸ್ ಬರುತ್ತಿದ್ದರೆ, ಪ್ರೋಬನ್ನು ಒರೆಸುತ್ತ ಕೂರಬಾರದು. ಆಮ್ಲಜನಕ ಕೊಟ್ಟು, ವೈದ್ಯರನ್ನು ಕರೆದು, ಆಮೇಲೆ ಅಂಕಿಯನ್ನು ನೋಡಬೇಕು. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಮಗು ಚೆನ್ನಾಗಿ ಕಾಣುತ್ತಿದ್ದು ಅಂಕಿ ಮಾತ್ರ ಕೆಟ್ಟದಾಗಿದ್ದಾಗ, ಅಥವಾ ಅಂಕಿ ಚೆನ್ನಾಗಿದ್ದು ಮಗು ಕೆಟ್ಟದಾಗಿ ಕಾಣುತ್ತಿರುವಾಗ.

ಯಂತ್ರ ಏನನ್ನು ಅಳೆಯುತ್ತದೆ

ಪಲ್ಸ್ ಆಕ್ಸಿಮೀಟರಿನ ಪ್ರೋಬಿನ ಒಂದು ಬದಿಯಲ್ಲಿ ಎರಡು ಪುಟ್ಟ ದೀಪಗಳಿವೆ. ಒಂದು ಸುಮಾರು 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕನ್ನು, ಇನ್ನೊಂದು ಸುಮಾರು 940 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುತ್ತದೆ. ಎದುರು ಬದಿಯಲ್ಲಿ ಆ ಬೆಳಕನ್ನು ಹಿಡಿಯುವ ಸಂವೇದಕವಿದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಕೆಂಪು ಬೆಳಕನ್ನು ಹೆಚ್ಚು ಹೀರಿಕೊಂಡು ಕೆಂಪನ್ನು ಹಾಯಲು ಬಿಡುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕೆಂಪನ್ನು ಹೆಚ್ಚು ಹೀರಿಕೊಳ್ಳುತ್ತದೆ. ಈ ಎರಡರ ಅನುಪಾತದಿಂದ ಯಂತ್ರ ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ಭಾಗ ಆಮ್ಲಜನಕ ಹೊತ್ತಿದೆ ಎಂಬುದನ್ನು, ಅಂದರೆ ಸ್ಯಾಚುರೇಶನ್ನನ್ನು, ಲೆಕ್ಕ ಹಾಕುತ್ತದೆ.

ಆದರೆ ಬೆರಳಿನಲ್ಲಿ ರಕ್ತ ಮಾತ್ರವಲ್ಲ, ಚರ್ಮ, ಮೂಳೆ, ಮಾಂಸ ಎಲ್ಲವೂ ಬೆಳಕನ್ನು ಹೀರುತ್ತವೆ. ಅವುಗಳ ನಡುವೆ ಅಪಧಮನಿಯ ರಕ್ತವನ್ನು ಬೇರ್ಪಡಿಸುವ ಉಪಾಯವನ್ನು ಕಂಡುಕೊಂಡವರು ಜಪಾನಿನ ಎಂಜಿನಿಯರ್ ಟಕುವೊ ಅಓಯಾಗಿ. 1970ರ ದಶಕದ ಆರಂಭದಲ್ಲಿ ಅವರು ಹೃದಯ ಹೊರದೂಡುವ ರಕ್ತದ ಪ್ರಮಾಣವನ್ನು ಬಣ್ಣದ ದ್ರಾವಣದಿಂದ ಅಳೆಯುವ ಕೆಲಸದಲ್ಲಿದ್ದರು. ನಾಡಿಯ ಮಿಡಿತ ಅವರ ರೇಖೆಯನ್ನು ಪದೇ ಪದೇ ಕೆಡಿಸುತ್ತಿತ್ತು. ಆ ತೊಂದರೆಯನ್ನು ನಿವಾರಿಸಲು ಹೋಗಿ, ಮಿಡಿಯುವ ಭಾಗ ಮಾತ್ರವೇ ಅಪಧಮನಿಯ ರಕ್ತ, ಮಿಕ್ಕಿದ್ದೆಲ್ಲ ಸ್ಥಿರ ಎಂಬುದನ್ನು ಅವರು ಗಮನಿಸಿದರು. ನಾವು ದಿನವೂ ಕೈಯಲ್ಲಿ ಹಿಡಿಯುವ ಯಂತ್ರ ಹುಟ್ಟಿದ್ದು ಹೀಗೆ.

ಈ ಕಥೆಯನ್ನು ಇಲ್ಲಿ ಹೇಳಲು ಕಾರಣವಿದೆ. ಯಂತ್ರಕ್ಕೆ ಬೇಕಾದುದು ಎರಡೇ: ಎದುರುಬದುರಾಗಿ ಹಾಯುವ ಬೆಳಕು ಮತ್ತು ಮಿಡಿಯುವ ನಾಡಿ. ಪಾದ ತಣ್ಣಗಿದ್ದರೆ ನಾಡಿ ದುರ್ಬಲ. ಮಗು ಒದೆಯುತ್ತಿದ್ದರೆ ಒದೆತವೂ ಯಂತ್ರಕ್ಕೆ ನಾಡಿಯಂತೆಯೇ ಕಾಣುತ್ತದೆ. ಕಾಡಿಗೆಯೋ ದಟ್ಟವಾದ ಕಪ್ಪು ಮದರಂಗಿಯೋ ಉಗುರಿನ ಬಣ್ಣವೋ ಅಡ್ಡ ಬಂದರೆ ಬೆಳಕು ಸೊರಗುತ್ತದೆ. ಆ ರಾತ್ರಿ ನಮ್ಮ ಕೂಸಿನಲ್ಲಿ ಈ ಮೂರೂ ಸೇರಿದ್ದವು. ಮುಂದಿನ ಸೂಚನೆಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಬೆಳಕು ಮತ್ತು ನಾಡಿ ಎಂಬ ಎರಡು ಪದಗಳನ್ನು ನೆನಪಿಟ್ಟುಕೊಂಡರೆ ಅವು ತಾವಾಗಿಯೇ ಬರುತ್ತವೆ.

ಪ್ರೋಬ್ ಕಟ್ಟುವ ಕ್ರಮ

ಮೊದಲು ಅಳತೆಗೆ ತಕ್ಕ ಪ್ರೋಬನ್ನು ಆರಿಸಬೇಕು. ದೊಡ್ಡವರ ಬೆರಳಿಗೆಂದು ಮಾಡಿದ ಕ್ಲಿಪ್ಪನ್ನು ಕೂಸಿನ ಹೆಬ್ಬೆರಳಿಗೆ ಸಿಕ್ಕಿಸುವುದು ನಮ್ಮ ಕಡೆ ಬಹಳ ಸಾಮಾನ್ಯ, ಬಹಳ ತಪ್ಪು. ಬೆರಳು ಚಿಕ್ಕದಾಗಿದ್ದು ಬೆಳಕಿನ ಒಂದಷ್ಟು ಭಾಗ ಚರ್ಮದ ಮೂಲಕ ಹಾಯದೆ ಬದಿಯಿಂದ ಸುತ್ತಿಕೊಂಡು ನೇರವಾಗಿ ಸಂವೇದಕಕ್ಕೆ ತಲುಪುತ್ತದೆ. ಆಗ ಬರುವ ಅಂಕಿಗೆ ಅರ್ಥವಿರುವುದಿಲ್ಲ. ಕೂಸುಗಳಿಗೆ ಪಟ್ಟಿಯಂತೆ ಸುತ್ತುವ ಪ್ರೋಬ್ ಬೇಕು. ಅದನ್ನು ಪಾದದ ಹೊರ ಅಂಚಿಗೆ, ಕಿರುಬೆರಳಿನ ಬುಡದ ಬಳಿ ಸುತ್ತಿ, ದೀಪ ಮೇಲೆ, ಸಂವೇದಕ ಕೆಳಗೆ, ಎರಡೂ ಒಂದಕ್ಕೊಂದು ನೇರ ಎದುರಿಗೆ ಬರುವಂತೆ ಕೂರಿಸಬೇಕು. ಪ್ರೋಬು ಓರೆಯಾಗಿ ಕುಳಿತದ್ದು ಹೊರಗಿನಿಂದ ಗೊತ್ತಾಗುವುದಿಲ್ಲವಾದ್ದರಿಂದ ಬೆರಳಿನಿಂದ ಸವರಿ ನೋಡುವುದು ಒಳ್ಳೆಯದು.

ಕಟ್ಟುವ ಮುನ್ನ ಚರ್ಮವನ್ನು ನೋಡಬೇಕು. ಎಣ್ಣೆ, ಕಾಡಿಗೆ, ಅರಿಸಿನ, ಒದ್ದೆ, ಏನಿದ್ದರೂ ಒರೆಸಬೇಕು. ತಣ್ಣಗಿದ್ದರೆ ಬೆಚ್ಚಗೆ ಮಾಡಬೇಕು. ಕಾಲುಗೆಜ್ಜೆ, ಬೆಳ್ಳಿ ಕಡಗ ಬಿಗಿಯಾಗಿದ್ದರೆ ಸ್ವಲ್ಪ ಮೇಲಕ್ಕೆ ಸರಿಸಬೇಕು. ತೆಗೆಯಲೇಬೇಕಾದರೆ ಮನೆಯವರ ಕೈಯಿಂದಲೇ ತೆಗೆಸಿ ಅವರಿಗೇ ಕೊಡುವುದು ಕ್ಷೇಮ. ಬಿಪಿ ಪಟ್ಟಿ ಕಟ್ಟಿದ ಕೈಗೆ ಪ್ರೋಬ್ ಹಾಕಬಾರದು, ಯಾಕೆಂದರೆ ಪಟ್ಟಿ ಉಬ್ಬಿದಾಗಲೆಲ್ಲ ನಾಡಿ ನಿಲ್ಲುತ್ತದೆ. ಕಾಮಾಲೆಗೆ ಫೋಟೋಥೆರಪಿ ದೀಪದ ಕೆಳಗಿರುವ ಕೂಸಾದರೆ ಪ್ರೋಬಿನ ಮೇಲೆ ಬಟ್ಟೆ ಮುಚ್ಚಿ ಹೊರಬೆಳಕನ್ನು ತಡೆಯಬೇಕು. ಹುಟ್ಟಿದ ಕೂಡಲೇ ಉಸಿರಾಟಕ್ಕೆ ನೆರವು ಬೇಕಾದ ನವಜಾತ ಶಿಶುವಿಗೆ ಬಲಗೈಯನ್ನೇ ಆರಿಸಬೇಕು, ಏಕೆಂದರೆ ಮೆದುಳಿಗೆ ಹೋಗುವ ರಕ್ತವನ್ನು ಬಲಗೈ ಪ್ರತಿನಿಧಿಸುತ್ತದೆ. ಆ ಮೊದಲ ನಿಮಿಷಗಳಲ್ಲಿ 60, 70 ಎಂಬ ಅಂಕಿಗಳು ಸಹಜವಾದವು. ಆರೋಗ್ಯವಂತ ಶಿಶುವೂ 85ರ ಮೇಲೆ ಏರಲು ಸುಮಾರು ಐದರಿಂದ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ ಎಂಬುದನ್ನು ಹೆರಿಗೆ ಕೋಣೆಯಲ್ಲಿ ಕೆಲಸ ಮಾಡುವವರು ಮರೆಯಬಾರದು.

ಟೇಪನ್ನು ಬಿಗಿಯಾಗಿ ಸುತ್ತುವ ಆಸೆ ನಮಗೆಲ್ಲ ಇರುತ್ತದೆ, ಮಗು ಕಿತ್ತುಹಾಕುತ್ತದೆಂಬ ಭಯದಿಂದ. ಬಿಗಿಯಾದರೆ ರಕ್ತ ಸಂಚಾರ ಕುಗ್ಗಿ ಅಂಕಿ ತಪ್ಪುತ್ತದೆ, ಕೂಸಿನ ತೆಳು ಚರ್ಮಕ್ಕೆ ಗಾಯವೂ ಆಗುತ್ತದೆ. ಸಡಿಲವಾಗಿ ಕಟ್ಟಿ ಮೇಲೊಂದು ಕಾಲುಚೀಲ ಹಾಕಿ. ಜಾಗವನ್ನು ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಿ, ಬದಲಿಸಿದಾಗ ಹಳೆಯ ಜಾಗದಲ್ಲಿ ಕೆಂಪು ಅಥವಾ ಬೊಬ್ಬೆ ಇದೆಯೇ ನೋಡಿ. ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಹೋಗುವಾಗ ಪ್ರೋಬನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಲು ಬಿಡಿ.

ಇನ್ನು ಓದುವ ಕ್ರಮ. ಕಟ್ಟಿದ ತಕ್ಷಣ ಕಂಡ ಅಂಕಿಯನ್ನು ಬರೆಯಬೇಡಿ. ಕನಿಷ್ಠ ಅರ್ಧ ನಿಮಿಷ ಕಾಯಿರಿ. ಪರದೆಯಲ್ಲಿ ಅಲೆ ಕಾಣುವ ಯಂತ್ರವಾದರೆ ಅಲೆಗಳು ಒಂದೇ ಸಮನಾಗಿ ಏಳುತ್ತಿವೆಯೇ ನೋಡಿ. ಆಮೇಲೆ ಎಲ್ಲಕ್ಕಿಂತ ಉಪಯುಕ್ತವಾದ, ಎಲ್ಲರೂ ಬಿಟ್ಟುಬಿಡುವ ಪರೀಕ್ಷೆ: ಸ್ಟೆತೊಸ್ಕೋಪ್ ಇಟ್ಟು ಹೃದಯ ಬಡಿತವನ್ನು ಎಣಿಸಿ, ಯಂತ್ರ ತೋರಿಸುವ ನಾಡಿಯ ಸಂಖ್ಯೆಗೆ ಹೋಲಿಸಿ. ನೀವು ಎಣಿಸಿದ್ದು 148, ಯಂತ್ರ ತೋರಿಸುತ್ತಿರುವುದು 92 ಎಂದಾದರೆ ಯಂತ್ರ ನಾಡಿಯನ್ನೇ ಹಿಡಿದಿಲ್ಲ. ಹಾಗಿರುವಾಗ ಅದು ಹೇಳುವ ಸ್ಯಾಚುರೇಶನ್ನನ್ನು ನಂಬುವುದು ಹೇಗೆ?

ಅಂಕಿ ಒಂದು ಹೇಳಿದರೆ, ಮಗು ಇನ್ನೊಂದು ಹೇಳಿದರೆ

ಅಂಕಿ ನಿಜವೆಂದು ಖಚಿತವಾದ ಮೇಲೂ ಅದು ಮಗುವಿನ ಪೂರ್ತಿ ಕಥೆಯಲ್ಲ. ಅದರ ಪಕ್ಕದಲ್ಲಿ ಯಾವಾಗಲೂ ಉಸಿರಿನ ಎಣಿಕೆ ಇರಬೇಕು. ಮಗು ಅಳದೆ ಇರುವಾಗ, ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ದೊಡ್ಡವರಿಗೆ ನಡೆದೀತು, ಕೂಸುಗಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಶಿಶುವಿನಲ್ಲಿ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಎದೆ ಒಳಸೆಳೆತ, ಮೂಗಿನ ಹೊಳ್ಳೆ ಅರಳುವುದು, ನರಳಿಕೆ, ಹಾಲು ಕುಡಿಯಲಾಗದಿರುವುದು ಇವುಗಳನ್ನು ಅದರ ಜೊತೆಗೇ ಬರೆಯಬೇಕು.

ಆಮ್ಲಜನಕದಲ್ಲಿರುವ ಮಗುವಿನ 97ನ್ನು ನೋಡಿ ನೆಮ್ಮದಿಯಿಂದ ಕುಳಿತು ನಾನು ಒಮ್ಮೆ ಪಾಠ ಕಲಿತಿದ್ದೇನೆ. ಆಮ್ಲಜನಕ ಹರಿಯುತ್ತಿರುವವರೆಗೆ ರಕ್ತ ಕೆಂಪಾಗಿಯೇ ಇರಬಹುದು, ಆದರೆ ಮಗು ಉಸಿರಾಡಿ ಉಸಿರಾಡಿ ದಣಿದು, ಉಸಿರಿನ ಎಣಿಕೆ 70ರಿಂದ 30ಕ್ಕೆ ಇಳಿದಿರಬಹುದು. ಅದು ಗುಣವಾದ ಲಕ್ಷಣವೆಂದು ಹೊಸಬರು ತಿಳಿಯುತ್ತಾರೆ. ಸುಸ್ತಾಗಿ, ಕರೆದರೆ ಕಣ್ಣು ಬಿಡದ ಮಗುವಿನ ಉಸಿರು ನಿಧಾನವಾಗುವುದು ಅಪಾಯದ ಕರೆ. ದೇಹದಲ್ಲಿ ಸೇರುತ್ತಿರುವ ಇಂಗಾಲದ ಡೈಆಕ್ಸೈಡನ್ನು ಆಕ್ಸಿಮೀಟರ್ ಕಾಣುವುದೇ ಇಲ್ಲ.

ಇದೇ ರೀತಿ ಯಂತ್ರಕ್ಕೆ ಕಾಣದ ಇನ್ನೆರಡು ಸಂಗತಿಗಳನ್ನು ನಮ್ಮ ಜಿಲ್ಲೆಯವರು ವಿಶೇಷವಾಗಿ ನೆನಪಿಡಬೇಕು. ತೀವ್ರ ರಕ್ತಹೀನತೆಯ ಮಗುವಿನಲ್ಲಿ ಇರುವ ಅಲ್ಪ ಹಿಮೋಗ್ಲೋಬಿನ್ ಪೂರ್ತಿ ತುಂಬಿಕೊಂಡಿದ್ದರೆ ಅಂಕಿ 98 ಬರುತ್ತದೆ, ಆದರೆ ಅಂಗಾಂಗಗಳಿಗೆ ತಲುಪುವ ಆಮ್ಲಜನಕ ಸಾಲದು. ಐದು ಗಾಡಿಗಳಲ್ಲಿ ಐದೂ ತುಂಬಿವೆ ಎಂದು ಯಂತ್ರ ಹೇಳುತ್ತದೆ, ಬೇಕಿದ್ದುದು ಹನ್ನೆರಡು ಗಾಡಿ ಎಂದು ಹೇಳುವುದಿಲ್ಲ. ಇನ್ನೊಂದು ಹೊಗೆ. ಮಾಲೂರಿನ ಇಟ್ಟಿಗೆ ಗೂಡುಗಳ ಬಳಿ ಗುಡಿಸಲು ಹಾಕಿಕೊಂಡಿರುವ ಕುಟುಂಬಗಳಾಗಲಿ, ಚಳಿಗೆ ಬಾಗಿಲು ಮುಚ್ಚಿ ಕೆಂಡದ ಮುಂದೆ ಬಾಣಂತಿಯನ್ನೂ ಕೂಸನ್ನೂ ಮಲಗಿಸುವ ಮನೆಗಳಾಗಲಿ, ಅಲ್ಲಿಂದ ಮಂಕಾಗಿ ಬಂದ ಮಗುವಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿದ್ದರೆ ಯಂತ್ರ ಅದನ್ನು ಆಮ್ಲಜನಕವೆಂದೇ ತಿಳಿದು ಒಳ್ಳೆಯ ಅಂಕಿ ತೋರಿಸುತ್ತದೆ. ಅಲ್ಲಿ ನೆರವಿಗೆ ಬರುವುದು "ಎಲ್ಲಿ ಮಲಗಿಸಿದ್ರಿ, ಬಾಗಿಲು ಹಾಕಿತ್ತಾ?" ಎಂಬ ಪ್ರಶ್ನೆ.

ಚರ್ಮದ ಬಣ್ಣದ ವಿಷಯವನ್ನೂ ಹೇಳಬೇಕು. 2020ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96ರವರೆಗೆ ತೋರಿಸುತ್ತಿದ್ದರೂ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ಕಂಡುಬಂತು. ಅವರು ವಯಸ್ಕರು, ಬೇರೆ ದೇಶದವರು. ಹಾಗಿದ್ದರೂ ಅಂಚಿನಲ್ಲಿರುವ ಅಂಕಿಯನ್ನು, ಅಂದರೆ 90, 91, 92ನ್ನು, ಮಗುವಿನ ಸ್ಥಿತಿಯ ಜೊತೆಗಿಟ್ಟೇ ಓದಬೇಕು ಎಂಬ ಎಚ್ಚರಕ್ಕೆ ಅಷ್ಟು ಸಾಕು. ಒಳ್ಳೆಯ ಯಂತ್ರದಲ್ಲಿಯೂ ಎರಡು-ಮೂರು ಅಂಕಿಯ ಏರುಪೇರು ಇದ್ದೇ ಇರುತ್ತದೆ.

90 ಎಂಬ ಗೆರೆ ಎಲ್ಲಿಂದ ಬಂತು

ಇಲ್ಲಿಗೆ ಪುರಾವೆಯ ಮಾತು ಬರುತ್ತದೆ. 90ಕ್ಕಿಂತ ಕಡಿಮೆಯಾದರೆ ಆಮ್ಲಜನಕ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಆಘಾತ (ರಕ್ತಸಂಚಾರ ಕುಸಿಯುವ ಶಾಕ್), ಪ್ರಜ್ಞಾಹೀನತೆ, ಫಿಟ್ಸ್, ತೀವ್ರ ಉಸಿರಾಟದ ತೊಂದರೆಯಂಥ ತುರ್ತು ಲಕ್ಷಣಗಳಿದ್ದರೆ ಗೆರೆ 94. ಈ 90ಕ್ಕೆ ಶರೀರಶಾಸ್ತ್ರದ ಆಧಾರವಿದೆ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಡುವ ರೇಖೆ 90ರವರೆಗೆ ಸಮತಟ್ಟಾಗಿ ಸಾಗಿ, ಅಲ್ಲಿಂದ ಕೆಳಕ್ಕೆ ನಂದಿಬೆಟ್ಟದ ಟಿಪ್ಪು ಡ್ರಾಪಿನಂತೆ ಕಡಿದಾಗಿ ಬೀಳುತ್ತದೆ. 95ರಿಂದ 92ಕ್ಕೆ ಇಳಿಯುವುದೂ 88ರಿಂದ 85ಕ್ಕೆ ಇಳಿಯುವುದೂ ಕಾಗದದ ಮೇಲೆ ಮೂರೇ ಅಂಕಿ. ಎರಡನೆಯದರಲ್ಲಿ ಮಗುವಿಗೆ ಉಳಿದಿರುವ ಅವಕಾಶ ತೀರ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದ್ದರೂ ಈ ಎತ್ತರಕ್ಕೆ ಗೆರೆಯನ್ನು ಬದಲಿಸಬೇಕಾಗಿಲ್ಲ.

ಹಾಗಾದರೆ 90ರಿಂದ 94ರ ನಡುವೆ ಇರುವ, ಚೆನ್ನಾಗಿ ಹಾಲು ಕುಡಿಯುತ್ತಿರುವ ಕೂಸನ್ನು ಏನು ಮಾಡುವುದು? ವಾರ್ಡುಗಳಲ್ಲಿ ದಿನವೂ ಜಗಳವಾಗುವುದು ಈ ಅಂಕಿಗಳ ಬಗ್ಗೆಯೇ. ಇದಕ್ಕೆ ಉತ್ತರ ಹುಡುಕಿದ ಎರಡು ಸೊಗಸಾದ ಅಧ್ಯಯನಗಳಿವೆ. ಟೊರೊಂಟೊ ನಗರದ ಮಕ್ಕಳ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಸಾಧಾರಣ ಬ್ರಾಂಕಿಯೊಲೈಟಿಸ್ (ಶ್ವಾಸಕೋಶದ ಸಣ್ಣ ಉಸಿರುನಾಳಗಳ ಸೋಂಕು) ಆಗಿ ಬಂದ 213 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಅಂಕಿಯನ್ನೂ ಇನ್ನೊಂದು ಗುಂಪಿಗೆ ಮೂರು ಅಂಕಿ ಹೆಚ್ಚಿಸಿದ ಅಂಕಿಯನ್ನೂ ಯಂತ್ರ ತೋರಿಸುವಂತೆ ಮಾಡಿದರು. ನಿಜವಾದ ಅಂಕಿ ಕಂಡ ಗುಂಪಿನಲ್ಲಿ ಶೇ. 41ರಷ್ಟು ಕೂಸುಗಳು ಆಸ್ಪತ್ರೆಗೆ ದಾಖಲಾದವು. ಹೆಚ್ಚಿಸಿದ ಅಂಕಿ ಕಂಡ ಗುಂಪಿನಲ್ಲಿ ಶೇ. 25 ಮಾತ್ರ. ಕೂಸುಗಳ ಕಾಯಿಲೆ ಒಂದೇ ಬಗೆಯದು, ಬೇರೆಯಾಗಿದ್ದುದು ಪರದೆಯ ಅಂಕಿ. ಈ ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. ಮರುವರ್ಷ ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ 615 ಕೂಸುಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು: ಒಂದು ಗುಂಪಿಗೆ 94ನ್ನೂ ಇನ್ನೊಂದಕ್ಕೆ 90ನ್ನೂ ಗೆರೆಯಾಗಿ ಇಟ್ಟು ನೋಡಿದಾಗ ಎರಡು ಗುಂಪಿನಲ್ಲಿಯೂ ಕೆಮ್ಮು ವಾಸಿಯಾಗಲು ಹಿಡಿದದ್ದು ಸುಮಾರು 15 ದಿನ, ಆದರೆ 90ರ ಗುಂಪಿನ ಕೂಸುಗಳು ಬೇಗ ಮನೆಗೆ ಹೋದವು.

ಇದನ್ನು ಓದಿದ ಕೂಡಲೇ ನಾಳೆಯಿಂದ ನಮ್ಮ ವಾರ್ಡಿನಲ್ಲಿಯೂ ಹೀಗೇ ಎಂದು ಫಲಕ ಬರೆಯುವುದು ಪುರಾವೆ ಆಧರಿಸಿದ ಶುಶ್ರೂಷೆಯಲ್ಲ. ಅಲ್ಲಿದ್ದದ್ದು ಬ್ರಾಂಕಿಯೊಲೈಟಿಸ್, ನಮ್ಮಲ್ಲಿ ಬರುವುದರಲ್ಲಿ ನ್ಯುಮೋನಿಯಾ ಎಷ್ಟು, ಅಪೌಷ್ಟಿಕ ಮಕ್ಕಳೆಷ್ಟು, ಹೃದಯದ ತೊಂದರೆಯವರೆಷ್ಟು? ಅಲ್ಲಿ ಬಿಡುಗಡೆಯಾದ ಮಗು ಕೆಟ್ಟರೆ ಅರ್ಧ ಗಂಟೆಯಲ್ಲಿ ಮರಳಿ ಬರಬಲ್ಲದು. ನಮ್ಮಲ್ಲಿ ಕೊನೆಯ ಬಸ್ಸು ಹೋದ ಮೇಲೆ ಮುಳಬಾಗಿಲಿನ ಗಡಿಯ ಹಳ್ಳಿಯಿಂದ ಹೇಗೆ ಬರಬೇಕು? ಅಧ್ಯಯನ, ಮಂಚದ ಪಕ್ಕದ ಅನುಭವ, ಮನೆಯವರ ಪರಿಸ್ಥಿತಿ ಮೂರನ್ನೂ ತೂಗುವುದಕ್ಕೆ ಆ ಹೆಸರು ಸಲ್ಲುತ್ತದೆ. ಆದರೆ ಒಂದು ಪಾಠವನ್ನು ನಿಸ್ಸಂಕೋಚವಾಗಿ ಇಲ್ಲಿಗೂ ತರಬಹುದು: ಅಂಕಿಯೊಂದನ್ನೇ ನೋಡಿ ಮಗುವನ್ನು ಕಟ್ಟಿಹಾಕುವುದು ನಮ್ಮೆಲ್ಲರ ದೌರ್ಬಲ್ಯ, ಟೊರೊಂಟೊದ ವೈದ್ಯರದೂ ಅದೇ.

ಎಲ್ಲ ರೂಢಿಗಳೂ ನಿರುಪದ್ರವಿಗಳಲ್ಲ. ಆಘಾತಕ್ಕೊಳಗಾದ ಮಗುವಿಗೆ ಸಲೈನನ್ನು ವೇಗವಾಗಿ ಹರಿಸುವುದು ಎಷ್ಟೋ ಕಾಲದ ರೂಢಿಯಾಗಿತ್ತು. ಉಗಾಂಡ, ಕೆನ್ಯಾ, ತಾಂಜಾನಿಯಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ 3141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ಹರಿಸಿದ ಗುಂಪುಗಳಲ್ಲಿ 48 ಗಂಟೆಯೊಳಗಿನ ಸಾವು ಶೇ. 10.5ರ ಆಸುಪಾಸಿನಲ್ಲಿಯೂ ಹರಿಸದ ಗುಂಪಿನಲ್ಲಿ ಶೇ. 7.3ರಷ್ಟೂ ಇತ್ತು. "ಮೊದಲಿಂದಲೂ ಹೀಗೇ ಮಾಡ್ತಿದ್ದೀವಲ್ಲ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈ ಅಂಕಿಗಳು ನೆನಪಾಗುತ್ತವೆ.

ವಾರ್ಡಿನ ರೂಢಿಯನ್ನು ಪ್ರಶ್ನೆಯನ್ನಾಗಿ ಮಾಡುವುದು

ಒಂದು ಉದಾಹರಣೆಯನ್ನೇ ಹಿಡಿಯೋಣ. ಆಮ್ಲಜನಕ ನಿಲ್ಲಿಸಿ ಚೆನ್ನಾಗಿರುವ ಕೂಸಿಗೂ ಬಿಡುಗಡೆಯವರೆಗೆ ಪ್ರೋಬ್ ಕಟ್ಟಿಯೇ ಇಡುವ ರೂಢಿ ಅನೇಕ ವಾರ್ಡುಗಳಲ್ಲಿದೆ. ಇದರ ಬಗ್ಗೆ "ಪ್ರೋಬ್ ಬೇಕೋ ಬೇಡವೋ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಮಕ್ಕಳು, ಏನು ಮಾಡಬೇಕೆಂದಿದ್ದೇವೆ, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ ಎಂಬ ನಾಲ್ಕು ಭಾಗಗಳಾಗಿ ಒಡೆಯಬೇಕು: ಬ್ರಾಂಕಿಯೊಲೈಟಿಸ್‌ನಿಂದ ಚೇತರಿಸಿಕೊಳ್ಳುತ್ತಿರುವ ಸ್ಥಿರ ಕೂಸುಗಳಲ್ಲಿ, ನಾಲ್ಕು ಗಂಟೆಗೊಮ್ಮೆ ಅಂಕಿ ನೋಡುವುದು, ಸತತವಾಗಿ ಕಟ್ಟಿಡುವುದಕ್ಕೆ ಹೋಲಿಸಿದರೆ, ಆಸ್ಪತ್ರೆವಾಸವನ್ನು ಸುರಕ್ಷಿತವಾಗಿ ಕಡಿಮೆ ಮಾಡುತ್ತದೆಯೇ? ಹೀಗೆ ಬರೆದ ಪ್ರಶ್ನೆಯ ಮುಖ್ಯ ಪದಗಳನ್ನು ಮೊಬೈಲಿನಲ್ಲಿಯೇ, ವೈದ್ಯಕೀಯ ಅಧ್ಯಯನಗಳ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಹುಡುಕಬಹುದು. ಸಾರಾಂಶ ಓದಲು ಹಣ ಕೊಡಬೇಕಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗುವ ಕಾಕ್ರೇನ್ ಗ್ರಂಥಾಲಯದ ಸರಳ ಭಾಷೆಯ ಸಾರಾಂಶಗಳೂ ಉಚಿತ. ಇದೇ ಪ್ರಶ್ನೆಗೆ ಕೆನಡಾದ ಆರು ಆಸ್ಪತ್ರೆಗಳಲ್ಲಿ 229 ಕೂಸುಗಳ ಅಧ್ಯಯನ 2021ರಲ್ಲಿ ಪ್ರಕಟವಾಗಿದ್ದು, ಆಸ್ಪತ್ರೆವಾಸದ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಟ್ಟಿಡುವುದರಿಂದ ಹೆಚ್ಚಿನ ಲಾಭವಾಗಲಿಲ್ಲ; ಬಿಚ್ಚಿದರೆ ಬೇಗ ಮನೆಗೆ ಕಳಿಸಬಹುದೆಂಬ ನಿರೀಕ್ಷೆಯೂ ನಿಜವಾಗಲಿಲ್ಲ.

ಸಿಕ್ಕ ಅಧ್ಯಯನವನ್ನು ಓದುವಾಗ ಮಕ್ಕಳನ್ನು ಗುಂಪಿಗೆ ಹಂಚಿದ್ದು ಹೇಗೆ, ಎಷ್ಟು ಮಕ್ಕಳಿದ್ದರು, ಅವರು ನಮ್ಮ ಮಕ್ಕಳಂತೆ ಇದ್ದರೇ, ಅಳೆದ ಫಲ ನಮಗೆ ಮುಖ್ಯವಾದದ್ದೇ ಎಂದು ನೋಡಿದರೆ ಸಾಕು; ಸಂಖ್ಯಾಶಾಸ್ತ್ರದ ಭಯ ಬೇಡ. ಆಮೇಲೆ ಅದನ್ನು ಒಂದು ಪುಟದಲ್ಲಿ ಬರೆದು ಮಕ್ಕಳ ತಜ್ಞರ ಮುಂದೆ, ವಾರ್ಡಿನ ಹಿರಿಯ ಶುಶ್ರೂಷಾಧಿಕಾರಿಗಳ ಮುಂದೆ ಇಡಬೇಕು. ವಾರ್ಡಿನ ನಿಯಮವನ್ನು ಒಬ್ಬರೇ ಬದಲಿಸಲಾಗದು, ಬದಲಿಸಲೂಬಾರದು. ನೇರವಾಗಿ "ಇದು ತಪ್ಪು" ಎಂದು ಆರಂಭಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, "ಮೇಡಂ, ಕಳೆದ ತಿಂಗಳ ಇಪ್ಪತ್ತು ಕೇಸ್ ಶೀಟ್ ನೋಡಿದೆ, ಪ್ರೋಬ್ ಯಾವ ಕಾಲಿಗೆ ಕಟ್ಟಿದ್ದು ಅಂತ ಎಷ್ಟರಲ್ಲಿ ಬರೆದಿದೆ ಅಂತ ಎಣಿಸಿದ್ದೀನಿ, ಒಮ್ಮೆ ನೋಡ್ತೀರಾ?" ಎಂದರೆ ಕುರ್ಚಿ ಎಳೆದುಕೊಡುತ್ತಾರೆ. ಇಪ್ಪತ್ತು ಕೇಸ್ ಶೀಟ್ ಎಣಿಸಲು ಒಂದು ಮಧ್ಯಾಹ್ನ ಸಾಕು. ಬದಲಾವಣೆ ಮಾಡಿದ ಎರಡು ತಿಂಗಳ ನಂತರ ಮತ್ತೆ ಇಪ್ಪತ್ತನ್ನು ಎಣಿಸದಿದ್ದರೆ ಮೊದಲ ಎಣಿಕೆಯೂ ವ್ಯರ್ಥ.

ಆಮ್ಲಜನಕ ನಿಲ್ಲಿಸುವುದಕ್ಕೆ ಮಾತ್ರ ಹೊಸ ಹುಡುಕಾಟ ಬೇಡ, ವಿಶ್ವ ಆರೋಗ್ಯ ಸಂಸ್ಥೆಯ ಕ್ರಮ ಸ್ಪಷ್ಟವಾಗಿದೆ. ಸ್ಥಿರವಾಗಿರುವ ಮಗುವಿನ ಆಮ್ಲಜನಕವನ್ನು ದಿನಕ್ಕೊಮ್ಮೆಯಾದರೂ ಸುಮಾರು 10ರಿಂದ 15 ನಿಮಿಷ ನಿಲ್ಲಿಸಿ, ಪಕ್ಕದಲ್ಲಿಯೇ ನಿಂತು ನೋಡಬೇಕು. 90ರ ಮೇಲೆ ಉಳಿದರೆ ನಿಲ್ಲಿಸಿ, ಅರ್ಧ ಗಂಟೆಗೆ ಒಮ್ಮೆ, ಆಮೇಲೆ ಮೊದಲ ದಿನ ಮೂರು ಗಂಟೆಗೊಮ್ಮೆ ಪರೀಕ್ಷಿಸಬೇಕು. ಅವಧಿಗೆ ಮುನ್ನ ಹುಟ್ಟಿದ, ಆಮ್ಲಜನಕದಲ್ಲಿರುವ ಶಿಶುವಿಗೆ ಮೇಲಿನ ಗೆರೆಯೂ ಇದೆ: 90ರಿಂದ 95ರ ನಡುವೆ ಇರಬೇಕು. ಅಲ್ಲಿ 99 ಕಂಡರೆ ಖುಷಿಪಡುವಂತಿಲ್ಲ, ಹೆಚ್ಚಿನ ಆಮ್ಲಜನಕ ಕಣ್ಣಿನ ರೆಟಿನಾಕ್ಕೆ ಹಾನಿ ಮಾಡುತ್ತದೆ.

ಅಲಾರಂ

ವಿದ್ಯುತ್ ಹೋಗಿ ಬಂದಾಗ ಕೆಲವು ಮಾನಿಟರುಗಳು ದೊಡ್ಡವರ ಮಿತಿಗಳಿಗೆ ಮರಳಿಬಿಡುತ್ತವೆ. ನಾಡಿಯ ಮೇಲಿನ ಮಿತಿ 120 ಎಂದಿದ್ದರೆ, 140 ಸಹಜವಾಗಿರುವ ಕೂಸಿಗೆ ಅದು ರಾತ್ರಿಯಿಡೀ ಕೂಗುತ್ತದೆ. ಯಾರೋ ಒಬ್ಬರು ಸಹನೆಗೆಟ್ಟು ಶಬ್ದವನ್ನು ಪೂರ್ತಿ ಅಡಗಿಸುತ್ತಾರೆ. ಬೆಳಗಿನ ಜಾವ ನಿಜವಾಗಿ ಕೂಗಬೇಕಾದಾಗ ಅದು ಮೂಕವಾಗಿರುತ್ತದೆ. ಆದ್ದರಿಂದ ಪ್ರತಿ ಪಾಳಿಯ ಆರಂಭದಲ್ಲಿ ಮತ್ತು ಪ್ರತಿ ಸಲ ಕರೆಂಟ್ ಬಂದ ಮೇಲೆ ಮಿತಿಗಳನ್ನು ಮಗುವಿನ ವಯಸ್ಸಿಗೆ ಸರಿಯಾಗಿ ಇಡಿ. ಯಂತ್ರದ ಬಗ್ಗೆ ಅನುಮಾನ ಬಂದರೆ ನಿಮ್ಮ ಬೆರಳಿಗೆ ಸಿಕ್ಕಿಸಿ ನೋಡಿ. ಕೆಲಸ ಮಾಡುತ್ತಿದೆಯೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ಎಷ್ಟು ನಿಖರ ಎಂಬುದಲ್ಲ.

ಮನೆಯವರಿಗೆ ಹೇಳುವುದು

ಮಂಚದ ಪಕ್ಕ ಕುಳಿತ ತಾಯಿ ಮಗುವಿನ ಮುಖವನ್ನು ಬಿಟ್ಟು ಪರದೆಯನ್ನೇ ನೋಡುತ್ತಿರುತ್ತಾರೆ. "ಸಿಸ್ಟರ್, ನಂಬರ್ ಇಳೀತಾ ಐತೆ" ಎಂದು ರಾತ್ರಿ ಹತ್ತು ಸಲ ಓಡಿಬರುತ್ತಾರೆ. ಗದರುವುದರಿಂದ ಪ್ರಯೋಜನವಿಲ್ಲ, ಅವರಿಗೆ ನೋಡಲು ಬೇರೆ ಏನನ್ನಾದರೂ ಕೊಡಬೇಕು. "ನೋಡಮ್ಮ, ಮಗು ಕಾಲಾಡಿಸಿದರೆ ಆ ನಂಬರ್ ಸುಳ್ಳು ಹೇಳುತ್ತೆ. ನೀನು ಇಲ್ಲಿ ನೋಡು, ಪಕ್ಕೆ ಹಿಂಗೆ ಒಳಗೆ ಹೋದರೆ, ಹಾಲು ಎಳೆಯೋದು ಬಿಟ್ಟರೆ, ತುಟಿ ಕಪ್ಪಾದರೆ, ತಕ್ಷಣ ಕೂಗು" ಎಂದು ಕೈಹಿಡಿದು ತೋರಿಸಿದರೆ ಅವರೇ ಎಲ್ಲಕ್ಕಿಂತ ಒಳ್ಳೆಯ ಮಾನಿಟರ್ ಆಗುತ್ತಾರೆ. ನಮ್ಮ ಜಿಲ್ಲೆಯ ಗಡಿಯ ಊರುಗಳಲ್ಲಿ ತೆಲುಗು ಮನೆಮಾತಾಗಿರುವವರು ಬಹಳ. ಕನ್ನಡ ಅರ್ಥವಾಗುವವರೂ ಗಾಬರಿಯಲ್ಲಿ ಕೇಳಿಸಿಕೊಳ್ಳುವುದು ತಮ್ಮ ಮಾತನ್ನೇ. ಆ ರಾತ್ರಿಯ ಅಜ್ಜಿಗೆ ನಾನು "ಉಸಿರು" ಎಂದಷ್ಟು ಹೊತ್ತೂ ಅಳು ನಿಂತಿರಲಿಲ್ಲ, "ಊಪಿರಿ" ಎಂದ ಮೇಲೆ ತಲೆಯಾಡಿಸಿದರು. ಕಾಡಿಗೆ ಬೊಟ್ಟನ್ನು ಒರೆಸಿದ್ದು ಅವರಿಗೆ ಸರಿಬಂದಿರಲಿಲ್ಲ. ಅಂಗಾಲಿನ ಬದಲು ಕಿವಿಯ ಹಿಂದೆ ಇಡಬಹುದಲ್ಲ ಎಂದೆ, ಅವರೇ ಇಟ್ಟರು.

ಬರೆಯುವುದು

ಕೇಸ್ ಶೀಟಿನಲ್ಲಿ ಬರಿಯ "ಸ್ಯಾಚುರೇಶನ್ 96" ಎಂದು ಬರೆದರೆ ಮುಂದಿನ ಪಾಳಿಯವರಿಗೆ ಏನೂ ತಿಳಿಯುವುದಿಲ್ಲ. ಆಮ್ಲಜನಕದಲ್ಲಿ 96 ಬೇರೆ, ಹೊರಗಾಳಿಯಲ್ಲಿ 96 ಬೇರೆ. ನಿದ್ದೆಯಲ್ಲಿ ಬೇರೆ, ಅಳುವಾಗ ಬೇರೆ. ಅಂಕಿ, ಜಾಗ, ಆಮ್ಲಜನಕ ಇದೆಯೇ, ಇದ್ದರೆ ನಿಮಿಷಕ್ಕೆ ಎಷ್ಟು ಲೀಟರ್, ಎಣಿಸಿದ ಬಡಿತ, ಉಸಿರು, ಮಗುವಿನ ಸ್ಥಿತಿ ಇವೆಲ್ಲ ಒಂದೇ ಸಾಲಿನಲ್ಲಿ ಹಿಡಿಸುತ್ತವೆ. ಆ ರಾತ್ರಿ ನಮ್ಮ ಹೊಸ ಶುಶ್ರೂಷಾಧಿಕಾರಿ ಬರೆದದ್ದು ಹೀಗಿತ್ತು, ಅವರು ಅದನ್ನು ಬೆಳಿಗ್ಗೆ ಹ್ಯಾಂಡ್ ಓವರ್‌ನಲ್ಲಿ ಗಟ್ಟಿಯಾಗಿ ಓದಿದರು: "ರಾತ್ರಿ 2.10: ಎಡಗಾಲು, ಪಾದ ತಣ್ಣಗೆ, ಮಗು ಒದೆಯುತ್ತಿದೆ, 83, ಅಲೆ ಸರಿಯಿಲ್ಲ, ನಂಬಲಾಗದು. 2.20: ಅದೇ ಪಾದ ಒರೆಸಿ ಬೆಚ್ಚಗೆ ಮಾಡಿದ ಮೇಲೆ, ಹೊರಗಾಳಿಯಲ್ಲಿ 96, ಬಡಿತ ಎಣಿಸಿದ್ದು 142, ಯಂತ್ರದಲ್ಲಿ 141, ಉಸಿರು 44, ಒಳಸೆಳೆತವಿಲ್ಲ, ಎದೆಹಾಲು ಕುಡಿದು ಮಲಗಿದೆ. ಡಾಕ್ಟರಿಗೆ ತಿಳಿಸಲಾಗಿದೆ."